ಚಳಿಯ ಗುಲಾಬಿ, ನೀಲಿಯ ಹುಡುಕಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ತೋಟ ಇರುವುದು ಚಿಕ್ಕಬಳ್ಳಾಪುರ ತಾಲ್ಲೂಕಿನಲ್ಲಿ, ನಂದಿ ಬೆಟ್ಟದ ಬಂಡೆ ಎದುರಿಗೇ ಕಾಣುವಷ್ಟು ಹತ್ತಿರದಲ್ಲಿ. ಒಂದು ಎಕರೆಯಲ್ಲಿ ಮಾರುಕಟ್ಟೆಗೆ ಹೋಗುವ ಮೆರಾಬುಲ್ ಗುಲಾಬಿ, ಪಕ್ಕದಲ್ಲಿ ಡಚ್ ಗುಲಾಬಿಯ ಪಾಲಿಹೌಸ್, ಮನೆಯಂಗಳದಲ್ಲಿ ಮಾರಾಟಕ್ಕಲ್ಲದೆ ಆಸೆಗಾಗಿ ಬೆಳೆಸಿದ ಅರವತ್ತಕ್ಕೂ ಹೆಚ್ಚು ಗಿಡಗಳು. ಬೆಟ್ಟ ನೋಡಿ ಹಿಂದಿರುಗುವವರು ಬೇಲಿಯ ಬಳಿ ಗಾಡಿ ನಿಲ್ಲಿಸಿ ಕೇಳುತ್ತಾರೆ, ನೆಂಟರು ಮದುವೆ ಮನೆಯಲ್ಲಿ ಕೇಳುತ್ತಾರೆ, ಕೆಲವರು ಮೊಬೈಲ್‌ನಲ್ಲಿ ಎಲೆಯ ಚಿತ್ರ ಕಳುಹಿಸಿ ಕೇಳುತ್ತಾರೆ. ಕೇಳುವುದು ಹೆಚ್ಚುಕಡಿಮೆ ಎರಡೇ ವಿಷಯ: ಚಳಿಯಲ್ಲಿ ಗುಲಾಬಿಯನ್ನು ನೋಡಿಕೊಳ್ಳುವುದು ಹೇಗೆ, ನೀಲಿ ಗುಲಾಬಿ ಎಲ್ಲಿ ಸಿಗುತ್ತದೆ. ಈ ಎರಡಕ್ಕೂ ನೇರ ನಂಟಿದೆ ಎಂದು ನನಗೆ ಮನವರಿಕೆಯಾಗಲು ಹನ್ನೆರಡು ಮಾಗಿಗಳು ಬೇಕಾದವು. ಕೇಳಿದವರಿಗೆಲ್ಲ ಅರ್ಧಂಬರ್ಧ ಹೇಳುವ ಬದಲು ಒಂದೇ ಕಡೆ ಬರೆದಿಟ್ಟಿದ್ದೇನೆ.

ನೀಲಿ ಗುಲಾಬಿ ಗಿಡ ನಿಜವಾಗಿಯೂ ಇದೆಯೇ?

ಶಂಖಪುಷ್ಪದಂಥ, ನವಿಲಿನ ಕತ್ತಿನಂಥ ನೀಲಿ ಹೂವು ಬಿಡುವ ಗುಲಾಬಿ ಗಿಡ ಯಾವ ನರ್ಸರಿಯಲ್ಲೂ ಸಿಗುವುದಿಲ್ಲ. ಹೆಸರಿನಲ್ಲಿ ‘ಬ್ಲೂ’ ಇರುವ ತಳಿಗಳು ಹತ್ತಾರು ಇವೆ. ಅವುಗಳ ಹೂವು ತಿಳಿ ನೇರಳೆ. ಬದನೆ ಗಿಡದ ಹೂವನ್ನು ನೆನಪಿಸಿಕೊಂಡರೆ ಸರಿಯಾದ ಅಂದಾಜು ಸಿಗುತ್ತದೆ. ಅದೂ ಚೆಲುವಾದ ಬಣ್ಣವೇ. ಆದರೆ ನೀಲಿಯೆಂದು ನಂಬಿ ಹಣ ಕೊಟ್ಟವರಿಗೆ ಮೊದಲ ಹೂವಿನ ದಿನ ಬೇಸರವಾಗುತ್ತದೆ, ಆ ಬೇಸರದಲ್ಲಿ ಒಳ್ಳೆಯ ಗಿಡವೊಂದು ಮೂಲೆಗೆ ಸೇರುತ್ತದೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ.

ಹಾಗಾದರೆ ಹೂವಿನ ಅಂಗಡಿಯಲ್ಲಿ ನಾನು ನೋಡಿದ ಕಡು ನೀಲಿ ಗುಲಾಬಿ ಯಾವುದು?

ಅದು ಬಣ್ಣ ಕುಡಿದ ಬಿಳಿ ಗುಲಾಬಿ. ಕೊಯ್ದ ಬಿಳಿ ಹೂವನ್ನು ಒಂದಷ್ಟು ಹೊತ್ತು ನೀರಿಲ್ಲದೆ ಬಾಯಾರಿಸಿ, ಆಮೇಲೆ ಬಣ್ಣ ಕಲಸಿದ ನೀರಿನಲ್ಲಿ ನಿಲ್ಲಿಸಿದರೆ ಕಾಂಡದ ಮೂಲಕ ಬಣ್ಣ ಎಸಳಿಗೆ ಏರುತ್ತದೆ. ಇಡೀ ಹೂವನ್ನು ಬಣ್ಣದಲ್ಲಿ ಅದ್ದಿ ತೆಗೆಯುವುದೂ ಉಂಟು. ಕಾಂಡವನ್ನು ಉದ್ದಕ್ಕೆ ಸೀಳಿ ಒಂದೊಂದು ಸೀಳನ್ನು ಒಂದೊಂದು ಬಣ್ಣದಲ್ಲಿಟ್ಟರೆ ಕಾಮನಬಿಲ್ಲಿನ ಗುಲಾಬಿ.

ತಂಗಿಯ ಮಗಳ ನಿಶ್ಚಿತಾರ್ಥಕ್ಕೆ ಬಂದ ಹೂಗುಚ್ಛದಿಂದ ಅಂಥದ್ದೊಂದನ್ನು ಬಿಡಿಸಿ ನೋಡಿದ್ದೇನೆ. ಎಸಳನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ನರಗಳು ಮಿಕ್ಕ ಭಾಗಕ್ಕಿಂತ ಗಾಢವಾಗಿದ್ದವು, ಅಂಚಿನಲ್ಲಿ ಬಣ್ಣ ಗಟ್ಟಿಯಾಗಿ ನಿಂತು ಶಾಯಿ ಹರಡಿದಂತೆ ಕಾಣುತ್ತಿತ್ತು, ಎಸಳಿನ ಬುಡ ಮಾತ್ರ ಬಿಳಿ. ಹೂವಿನ ಕೆಳಗಿನ ಹಸಿರು ಪುಷ್ಪಪತ್ರಗಳೂ ಕರಿನೀಲಿಗೆ ತಿರುಗಿದ್ದವು. ಕಾಂಡವನ್ನು ಬ್ಲೇಡಿನಿಂದ ಅಡ್ಡ ಕೊಯ್ದರೆ ಸಿಪ್ಪೆಯ ಒಳಗೆ ನೀಲಿಯ ಉಂಗುರ. ಮಾರನೆಯ ದಿನ ಹೂದಾನಿಯ ನೀರೂ ನೀಲಿಯಾಗಿತ್ತು. ಇಷ್ಟು ಗುರುತು ಸಾಕು. ಬಣ್ಣ ಹಾಕಿದ್ದೇವೆಂದು ಹೇಳಿ ಮಾರಿದರೆ ಅದರಲ್ಲಿ ತಪ್ಪಿಲ್ಲ.

ಆನ್‌ಲೈನ್‌ನಲ್ಲಿ ನೀಲಿ ಗುಲಾಬಿ ಬೀಜ ಸಿಗುತ್ತದೆ. ತರಿಸಲೇ?

ಬೇಡ. ನಾನು ಒಮ್ಮೆ ತರಿಸಿದ್ದೇನೆ. ಚೀಟಿಯ ಮೇಲೆ ಮಯೂರ ನೀಲಿಯ ಹೂವಿನ ಚಿತ್ರ, ಒಳಗೆ ಇಪ್ಪತ್ತು ಬೀಜ. ಅಂಗೈ ಮೇಲೆ ಸುರಿದುಕೊಂಡಾಗಲೇ ಅನುಮಾನ ಬಂತು: ಚಪ್ಪಟೆಯಾಗಿ, ಹೊಳೆಯುತ್ತಾ, ಮೆಣಸಿನಕಾಯಿ ಬೀಜದ ಹಾಗಿದ್ದವು. ಗುಲಾಬಿ ಬೀಜ ಹಾಗಿರುವುದಿಲ್ಲ. ಗಡುಸಾಗಿ, ಮೂಲೆ ಮೂಲೆಯಾಗಿ, ಅಕ್ಕಿಯ ನುಚ್ಚಿಗಿಂತ ದಪ್ಪವಾಗಿ ಇರುತ್ತದೆ. ಆದರೂ ಹಾಕಿದೆ. ಎಂಟೇ ದಿನಕ್ಕೆ ಮೊಳೆತವು. ಚಳಿಯ ಉಪಚಾರ ಇಲ್ಲದೆ ಗುಲಾಬಿ ಬೀಜ ಎಂಟು ದಿನಕ್ಕೆ ಮೊಳೆಯುವುದು ನಾನಂತೂ ಕಂಡಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಅವು ಯಾವುದೋ ಕಳೆಯ ಗಿಡಗಳಾಗಿ ನಿಂತಿದ್ದವು.

ಇನ್ನೊಂದು ಮಾತು. ಹೆಸರುವಾಸಿ ಗುಲಾಬಿ ತಳಿಗಳನ್ನು ಬೀಜದಿಂದ ಬೆಳೆಸುವುದಿಲ್ಲ. ಬೀಜದ ಸಸಿ ತಾಯಿಯಂತೆ ಇರುವುದಿಲ್ಲ. ತಳಿ ಹಾಗೆಯೇ ಉಳಿಯಬೇಕಾದರೆ ಕಣ್ಣು ಕಸಿ ಅಥವಾ ಕಡ್ಡಿ ನೆಡುವುದೇ ದಾರಿ. ಆದ್ದರಿಂದ ಬೀಜದ ಚೀಟಿಯ ಮೇಲೆ ಗುಲಾಬಿಯ ತಳಿಯ ಹೆಸರು ಕಂಡರೆ ಅಲ್ಲಿಗೇ ಬಿಟ್ಟುಬಿಡಿ.

ಗುಲಾಬಿಗೆ ನೀಲಿ ಬಣ್ಣ ಏಕೆ ಬರುವುದಿಲ್ಲ?

ಇದನ್ನು ನನಗೆ ಕೇಳಿದಷ್ಟೂ ಸಂತೋಷ. ಉತ್ತರ ನಮ್ಮ ಅಡುಗೆಮನೆಯಲ್ಲೂ ದ್ರಾಕ್ಷಿ ಚಪ್ಪರದಲ್ಲೂ ಇದೆ.

ಬದನೆಕಾಯಿಯ ಸಿಪ್ಪೆ, ನಮ್ಮ ಜಿಲ್ಲೆಯ ಹೆಮ್ಮೆಯಾದ, ಭೌಗೋಳಿಕ ಸೂಚಿಕೆ ಪಡೆದ ಬೆಂಗಳೂರು ನೀಲಿ ದ್ರಾಕ್ಷಿ, ಬೇಲಿಯ ಮೇಲೆ ಹಬ್ಬುವ ಶಂಖಪುಷ್ಪ, ಇವುಗಳ ಬಣ್ಣಕ್ಕೆ ಕಾರಣ ಡೆಲ್ಫಿನಿಡಿನ್ ಮತ್ತು ಅದರ ಬಳಗದ ವರ್ಣದ್ರವ್ಯಗಳು. ಗುಲಾಬಿಯಲ್ಲಿ ಇರುವುದು ಸಯನಿಡಿನ್ ಮತ್ತು ಪೆಲಾರ್ಗೋನಿಡಿನ್. ಒಂದು ಕೆಂಪು, ಇನ್ನೊಂದು ಕಿತ್ತಳೆಗೆಂಪು. ಸಯನಿಡಿನ್‌ಗೂ ಡೆಲ್ಫಿನಿಡಿನ್‌ಗೂ ಇರುವ ವ್ಯತ್ಯಾಸ ಒಂದೇ ಒಂದು ಹೈಡ್ರಾಕ್ಸಿಲ್ ಗುಂಪು, ಅಂದರೆ ಒಂದು ಆಮ್ಲಜನಕ, ಒಂದು ಜಲಜನಕದ ಜೋಡಿ. ಅದನ್ನು ಅಂಟಿಸುವ ಕಿಣ್ವವೇ ಗುಲಾಬಿಯ ಕುಲದಲ್ಲಿ ಇಲ್ಲ. ಎಷ್ಟು ಪೀಳಿಗೆ ಸಂಕರ ಮಾಡಿದರೂ ಇಲ್ಲದ್ದನ್ನು ಹೊರತೆಗೆಯಲಾಗುವುದಿಲ್ಲ. ಶತಮಾನಗಳ ಕಾಲ ತೋಟಗಾರರು ಸೋತದ್ದು ಇಲ್ಲಿಯೇ.

ಎರಡನೆಯ ಅಡ್ಡಿ ಹುಳಿ. ಇದನ್ನು ಮನೆಯಲ್ಲಿಯೇ ನೋಡಬಹುದು. ಹತ್ತು ಶಂಖಪುಷ್ಪವನ್ನು ಒಂದು ಲೋಟ ಬಿಸಿನೀರಿಗೆ ಹಾಕಿ. ಐದು ನಿಮಿಷದಲ್ಲಿ ನೀರು ಗಾಢ ನೀಲಿಯಾಗುತ್ತದೆ. ನಾಲ್ಕು ಹನಿ ನಿಂಬೆರಸ ಬಿಡಿ. ಹನಿ ಬಿದ್ದ ಕಡೆಯಿಂದಲೇ ನೇರಳೆ ಎಳೆಯೆಳೆಯಾಗಿ ಇಳಿಯುತ್ತದೆ. ಇನ್ನಷ್ಟು ಹಿಂಡಿದರೆ ನೀಲಿ ಪೂರ್ತಿ ಮಾಯವಾಗಿ ಕೆನ್ನೇರಳೆ. ವರ್ಣದ್ರವ್ಯ ಅದೇ, ಹುಳಿ ಮಾತ್ರ ಬೇರೆ. ಗುಲಾಬಿ ಎಸಳಿನ ಕೋಶದೊಳಗಿನ ರಸ ಹುಳಿಯೇ, ಹುಳಿಯ ಅಳತೆಯಾದ ಪಿಎಚ್ ಸಾಮಾನ್ಯವಾಗಿ 4ರಿಂದ 5ರ ಆಸುಪಾಸು (7ಕ್ಕಿಂತ ಕಡಿಮೆಯಾದಷ್ಟೂ ಹುಳಿ ಹೆಚ್ಚು). ಅಂದರೆ ಡೆಲ್ಫಿನಿಡಿನ್ ಅನ್ನು ತಂದು ಕೂರಿಸಿದರೂ ಗುಲಾಬಿಯ ಮನೆಯಲ್ಲಿ ಅದು ನೇರಳೆಯಾಗಿಬಿಡುತ್ತದೆ.

ಮೂರನೆಯದು ಜೊತೆಗಾರರ ಕೊರತೆ. ಯುರೋಪಿನ ಗೋಧಿ ಹೊಲಗಳಲ್ಲಿ ಕಳೆಯಂತೆ ಬೆಳೆಯುವ ಕಾರ್ನ್‌ಫ್ಲವರ್ ಎಂಬ ಅಪ್ಪಟ ನೀಲಿ ಹೂವಿದೆ. ಅದರ ವರ್ಣದ್ರವ್ಯವನ್ನೂ ಕೆಂಪು ಗುಲಾಬಿಯ ವರ್ಣದ್ರವ್ಯವನ್ನೂ ಬೇರ್ಪಡಿಸಿ ನೋಡಿದ ಜರ್ಮನಿಯ ರಸಾಯನ ವಿಜ್ಞಾನಿ ರಿಚರ್ಡ್ ವಿಲ್‌ಸ್ಟೇಟರ್ ಎರಡೂ ಒಂದೇ ಎಂದು ಕಂಡುಕೊಂಡರು. ಸಸ್ಯಗಳ ಬಣ್ಣಗಳ ಕುರಿತ ಕೆಲಸಕ್ಕೆ ಅವರಿಗೆ 1915ರ ನೊಬೆಲ್ ಪ್ರಶಸ್ತಿ ಬಂತು. ಹಾಗಾದರೆ ಒಂದು ಕೆಂಪು, ಇನ್ನೊಂದು ನೀಲಿ ಏಕೆ? ಕಾರ್ನ್‌ಫ್ಲವರ್‌ನಲ್ಲಿ ಆ ವರ್ಣದ್ರವ್ಯ ಫ್ಲೇವೋನ್ ಎಂಬ ಜೊತೆಗಾರನೊಂದಿಗೆ ಕಬ್ಬಿಣ, ಮೆಗ್ನೀಷಿಯಂ, ಕ್ಯಾಲ್ಸಿಯಂಗಳನ್ನು ನಡುವೆ ಇಟ್ಟುಕೊಂಡು ಒಂದು ಕಟ್ಟಾಗಿ ನಿಂತಿದೆ. ಈ ಕಟ್ಟಿನ ಪೂರ್ತಿ ರಚನೆ ಜಪಾನಿನ ವಿಜ್ಞಾನಿಗಳಿಂದ ತಿಳಿದದ್ದು 2005ರಲ್ಲಿ. ಗುಲಾಬಿ ಎಸಳಿನಲ್ಲಿ ಅಂಥ ಕಟ್ಟು ಕೂಡುವುದಿಲ್ಲ.

ಬುಡಕ್ಕೆ ಪಟಿಕ, ಮೈಲುತುತ್ತ ಅಥವಾ ಬಟ್ಟೆಯ ನೀಲಿ ಹಾಕಿದರೆ ಬಣ್ಣ ಬದಲಾಗುತ್ತದಂತೆ?

ಪಟಿಕದ ಮಾತು ಹೈಡ್ರೇಂಜಿಯ ಗಿಡದಿಂದ ಬಂದದ್ದು. ಹೈಡ್ರೇಂಜಿಯ ಹೂವಿನಲ್ಲಿ ಡೆಲ್ಫಿನಿಡಿನ್ ಮೊದಲೇ ಇದೆ. ಹುಳಿ ಮಣ್ಣಿನಲ್ಲಿ ಕರಗಿದ ಅಲ್ಯೂಮಿನಿಯಂ ಬೇರಿನಿಂದ ಹೂವಿಗೆ ಏರಿ ಅದರೊಡನೆ ಕೂಡಿದಾಗ ನೀಲಿಯಾಗುತ್ತದೆ. ಗುಲಾಬಿಯಲ್ಲಿ ಕೂಡಲು ಡೆಲ್ಫಿನಿಡಿನ್ನೇ ಇಲ್ಲ. ಮೈಲುತುತ್ತ ಬೇರನ್ನು ಸುಡುತ್ತದೆ. ಬಟ್ಟೆಯ ನೀಲಿಯಿಂದ ಏನೂ ಆಗುವುದಿಲ್ಲ, ಮಣ್ಣು ಹಾಳು. ನಮ್ಮ ಪಕ್ಕದ ಮನೆಯ ಅಕ್ಕ ಹೀಗೆ ಒಂದು ಪನ್ನೀರು ಗುಲಾಬಿಯನ್ನು ಕಳೆದುಕೊಂಡರು; ಅವರ ಅತ್ತೆ ನೆಟ್ಟ ಗಿಡ ಅದು.

ಜಪಾನಿನವರು ಮಾಡಿದ್ದಾರಂತಲ್ಲ?

ಮಾಡಿದ್ದಾರೆ, ಅದೂ ಶ್ರದ್ಧೆಯಿಂದ. ಸಂಟೋರಿ ಎಂಬ ಜಪಾನಿನ ಪಾನೀಯ ಕಂಪನಿ ಆಸ್ಟ್ರೇಲಿಯಾದ ಒಂದು ಜೈವಿಕ ತಂತ್ರಜ್ಞಾನ ಸಂಸ್ಥೆಯ ಜೊತೆಗೂಡಿ 1990ರಲ್ಲಿ ಕೆಲಸ ಆರಂಭಿಸಿತು. ಮೊದಲು ಪೆಟೂನಿಯಾದಿಂದ, ಡೆಲ್ಫಿನಿಡಿನ್ ತಯಾರಿಗೆ ಬೇಕಾದ ಆ ಕಿಣ್ವದ ಜೀನ್ ತೆಗೆದರು. ಕಾರ್ನೇಷನ್‌ನಲ್ಲಿ ಅದು ಫಲ ಕೊಟ್ಟಿತು, ಗುಲಾಬಿಯಲ್ಲಿ ಕೊಡಲಿಲ್ಲ. ಕೊನೆಗೆ ಪ್ಯಾನ್ಸಿ ಹೂವಿನ ಜೀನ್ ಗುಲಾಬಿಗೆ ಒಗ್ಗಿತು. ಎಸಳಿನ ಹುಳಿ ಕಡಿಮೆ ಇರುವ ತಳಿಗಳನ್ನು ಹುಡುಕಿ ಆರಿಸಿಕೊಂಡರು. 2004ರಲ್ಲಿ ಜಗತ್ತಿಗೆ ತೋರಿಸಿದರು, 2009ರ ನವೆಂಬರ್‌ನಲ್ಲಿ ‘ಅಪ್ಲಾಸ್’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಇಟ್ಟರು. ಅದರ ಎಸಳಿನಲ್ಲಿ ಬಹುಪಾಲು ಡೆಲ್ಫಿನಿಡಿನ್ನೇ ಇದೆ, ಆದರೂ ಕಣ್ಣಿಗೆ ಕಾಣುವುದು ತಿಳಿ ನೇರಳೆ. ಶಂಖಪುಷ್ಪದ ಲೋಟಕ್ಕೆ ನಿಂಬೆ ಹಿಂಡಿದ ಕಥೆಯೇ ಅಲ್ಲಿಯೂ. ಅರ್ಧ ಬೆಟ್ಟ ಹತ್ತಿದ್ದಾರೆ ಎಂದು ನಾನು ಭಾವಿಸುತ್ತೇನೆ. ಸುಮಾರು ಎರಡು ದಶಕ ಒಂದೇ ಹೂವಿನ ಹಿಂದೆ ನಿಂತವರ ಬಗ್ಗೆ ಗೌರವವಿದೆ.

ನಮ್ಮ ರೈತರಿಗೆ ಇದಕ್ಕಿಂತ ಹತ್ತಿರದ ಸುದ್ದಿ ಇನ್ನೊಂದು. 2017ರಲ್ಲಿ ಜಪಾನಿನ ವಿಜ್ಞಾನಿಗಳು ನಿಜವಾದ ನೀಲಿ ಸೇವಂತಿಗೆಯನ್ನು ಪ್ರಕಟಿಸಿದರು. ಅದಕ್ಕೆ ಸೇರಿಸಿದ ಎರಡು ಜೀನ್‌ಗಳಲ್ಲಿ ಒಂದು ನಮ್ಮ ಶಂಖಪುಷ್ಪದ್ದು. ಸೇವಂತಿಗೆಯ ಎಸಳಿನಲ್ಲಿ ಮೊದಲೇ ಇದ್ದ ಫ್ಲೇವೋನ್ ಆ ಹೊಸ ವರ್ಣದ್ರವ್ಯದ ಜೊತೆಗೂಡಿದ್ದರಿಂದ ಬಣ್ಣ ನೀಲಿಗೆ ವಾಲಿತು. ಗುಲಾಬಿಗೆ ಸಿಗದ ಜೊತೆಗಾರ ಸೇವಂತಿಗೆಗೆ ಸಿಕ್ಕಿದ. ಸೇವಂತಿಗೆಯ ರಾಶಿಯಲ್ಲೇ ಬೆಳಗಾಗುವ ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಯಲ್ಲಿ ನಿಂತಾಗಲೆಲ್ಲ ಇದು ನೆನಪಾಗುತ್ತದೆ.

ಬ್ಯಾಕ್ಟೀರಿಯಾದಿಂದ ನೀಲಿ ಗುಲಾಬಿ ಮಾಡಿದರು ಎಂದು ಓದಿದೆ. ನಿಜವೇ?

2018ರಲ್ಲಿ ಚೀನಾದಲ್ಲಿ ನಡೆದ ಪ್ರಯೋಗ ಅದು. ಪ್ರಬಂಧದ ಮೊದಲ ಲೇಖಕರ ಹೆಸರು ಅಂಕನಹಳ್ಳಿ ನಂಜರಾಜ ಅರಸ್. ಆ ಹೆಸರು ಕಂಡಾಗ ಮನಸ್ಸು ಅರಳಿತು. ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾದ ಜೀನ್‌ಗಳನ್ನು ಬಿಳಿ ಗುಲಾಬಿಯ ಎಸಳಿಗೆ ಸೂಜಿಯಿಂದ ಸೇರಿಸಿದರು. ಎಸಳಿನಲ್ಲಿರುವ ಗ್ಲುಟಮಿನ್ ಅನ್ನು ಬಳಸಿ ಇಂಡಿಗೋಯಿಡಿನ್ ಎಂಬ ನೀಲಿ ವಸ್ತು ತಯಾರಾಯಿತು. ಸೂಜಿ ಚುಚ್ಚಿದ ಸುತ್ತ ನೀಲಿ ಮೂಡಿತು, ಆದರೆ ಸ್ವಲ್ಪ ಕಾಲ ಮಾತ್ರ. ಗಿಡವೇ ನೀಲಿ ಹೂವು ಬಿಡುವ ಹಂತಕ್ಕೆ ಅದು ಮುಟ್ಟಿರಲಿಲ್ಲ. ಗುಲಾಬಿಯ ಹಳೆಯ ವರ್ಣದ್ರವ್ಯಗಳನ್ನೇ ಬದಿಗಿಟ್ಟು ಹೊಸ ದಾರಿ ಹಿಡಿದದ್ದು ಅದರ ಹೆಚ್ಚುಗಾರಿಕೆ.

ಇಂಥ ಕುಲಾಂತರಿ ಗಿಡವನ್ನು ನಮ್ಮ ದೇಶದಲ್ಲಿ ಬೆಳೆಸಬೇಕಾದರೆ ಕೇಂದ್ರ ಪರಿಸರ ಸಚಿವಾಲಯದ ಅಡಿಯ ಸಮಿತಿಯ ಅನುಮತಿ ಬೇಕು. ಯಾರಾದರೂ ಗುಟ್ಟಾಗಿ ‘ಜಪಾನ್ ಗಿಡ’ ಕೊಡುತ್ತೇನೆಂದರೆ ನಂಬಬೇಡಿ.

ಚಳಿಗೂ ನೀಲಿಗೂ ಏನು ಸಂಬಂಧ?

ನನ್ನ ಅಂಗಳದಲ್ಲಿ ಬ್ಲೂ ಮೂನ್ ಎಂಬ ಗಿಡವಿದೆ. ಏಪ್ರಿಲ್‌ನಲ್ಲಿ ಅದರ ಹೂವು ಹತ್ತಾರು ಸಲ ಒಗೆದ ಸೀರೆಯಂತೆ ಬಿಳಿಚಿಕೊಳ್ಳುತ್ತದೆ, ಮಧ್ಯಾಹ್ನದ ಹೊತ್ತಿಗೆ ಬೂದುಬಣ್ಣ. ಅದೇ ಗಿಡ, ಅದೇ ಕೊಂಬೆ, ಧನುರ್ಮಾಸದಲ್ಲಿ ಬಿಡುವ ಹೂವು ಬೇರೆಯೇ ಗಿಡದ್ದು ಎನ್ನಿಸುತ್ತದೆ. ಬೆಳಿಗ್ಗೆ ಆರೂವರೆಗೆ ಬೆಟ್ಟದ ಕಡೆಯಿಂದ ಮಂಜು ಇಳಿದಿರುವಾಗ ಹೊರಗಿನ ಎಸಳುಗಳ ಮೇಲೆ ಇಬ್ಬನಿ ಸಾಲಾಗಿ ನಿಂತಿರುತ್ತದೆ; ಎರಡು ಎಸಳು ಒಂದರ ಮೇಲೊಂದು ಬೀಳುವ ಸಂದಿನಲ್ಲಿ, ನೆರಳು ಸೇರುವ ಜಾಗದಲ್ಲಿ, ಅರೆಗಳಿಗೆ ನೀಲಿಯೇ ಎನ್ನುವಂಥ ಬಣ್ಣ ಕಾಣುತ್ತದೆ. ಬಿಸಿಲು ಬಿದ್ದ ಕೂಡಲೇ ಮತ್ತೆ ನೇರಳೆ.

ಕಾರಣ ಇದೆ. ತಂಪಿನಲ್ಲಿ ಆಂಥೋಸಯನಿನ್ ಗುಂಪಿನ (ಮೇಲೆ ಹೇಳಿದ ಸಯನಿಡಿನ್ ಬಳಗದ) ವರ್ಣದ್ರವ್ಯಗಳು ಹೆಚ್ಚು ತಯಾರಾಗುತ್ತವೆ, ಬಿಸಿಲಿನಲ್ಲಿ ಆಗುವಷ್ಟು ಬೇಗ ಕರಗುವುದಿಲ್ಲ. ಮೊಗ್ಗು ಅರಳಲು ಹೆಚ್ಚು ದಿನ ತೆಗೆದುಕೊಳ್ಳುವುದರಿಂದ ಬಣ್ಣ ತುಂಬಿಕೊಳ್ಳಲು ಸಮಯವೂ ಸಿಗುತ್ತದೆ. ನಮ್ಮೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ನಂದಿ ಬೆಟ್ಟದ ತುದಿ 1,478 ಮೀಟರ್. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಸ್ವೆಟರ್ ಇಲ್ಲದೆ ಅಂಗಳಕ್ಕೆ ಇಳಿಯಲಾಗುವುದಿಲ್ಲ, ಹಗಲಿನಲ್ಲಿ ಹಿತವಾದ ಬಿಸಿಲು. ನೇರಳೆ ಗುಲಾಬಿಗೆ ಇದಕ್ಕಿಂತ ಒಳ್ಳೆಯ ತವರು ಬೇಡ. ಜೀನ್ ಬದಲಿಸುವುದು ಪ್ರಯೋಗಾಲಯದ ಕೆಲಸ. ನೀಲಿಗೆ ಎಷ್ಟು ಹತ್ತಿರ ಹೋಗಬಹುದೋ ಅಷ್ಟು ದೂರ ನಮ್ಮನ್ನು ಕರೆದೊಯ್ಯುವುದು ಈ ಚಳಿಯೇ. ಹಾಗಾಗಿ ನೇರಳೆ ತಳಿಗಳು ಮಾಗಿಯಲ್ಲಿ ಹೂವಾಗುವಂತೆ ಕೊಂಬೆ ಸವರಿ. ಇಷ್ಟನ್ನು ಹೇಳುವುದಕ್ಕೇ ಈ ಬರಹ ಶುರುಮಾಡಿದೆ.

ಯಾವ ನೇರಳೆ ತಳಿಗಳನ್ನು ನೆಡಬಹುದು?

ಬ್ಲೂ ಮೂನ್ 1964ರ ಜರ್ಮನ್ ತಳಿ. ಮುಳ್ಳು ಕಡಿಮೆ, ನಿಂಬೆಯ ನವಿರು ಸೇರಿದ ಗಾಢ ಪರಿಮಳ. ಲೇಡಿ ಎಕ್ಸ್ ಎತ್ತರಕ್ಕೆ ಬೆಳೆಯುತ್ತದೆ, ಹೂವಿನ ಆಕಾರ ಅಚ್ಚುಕಟ್ಟು. ಪ್ಯಾರಡೈಸ್‌ನ ನೇರಳೆ ಎಸಳಿಗೆ ಮಾಣಿಕ್ಯದಂಥ ಕೆಂಪು ಅಂಚು. ಚಳಿಯಲ್ಲಿ ಆ ಅಂಚು ಅಗಲವಾಗುತ್ತದೆ. ಈ ಮೂರೂ ನಮ್ಮ ಕಡೆಯ ನರ್ಸರಿಗಳಲ್ಲಿ ಹುಡುಕಿದರೆ ಸಿಗುತ್ತವೆ. 1957ರ ಸ್ಟರ್ಲಿಂಗ್ ಸಿಲ್ವರ್ ಹೆಸರಾಂತದ್ದು, ಆದರೆ ಗಿಡ ಬಲಹೀನ, ಹೊಸಬರಿಗೆ ಬೇಡ. ನೇರಳೆ ತಳಿಗಳೆಲ್ಲ ಕೆಂಪಿನವುಗಳಿಗಿಂತ ಸ್ವಲ್ಪ ನಾಜೂಕು ಎಂಬುದನ್ನು ಒಪ್ಪಿಕೊಂಡೇ ತನ್ನಿ.

ನಮ್ಮ ಚಳಿಗಾಲಕ್ಕೆ ಗಿಡವನ್ನು ಹೇಗೆ ಸಿದ್ಧಗೊಳಿಸಬೇಕು?

ನಮ್ಮ ಚಳಿಯಲ್ಲಿ ಗುಲಾಬಿ ನಿದ್ದೆಗೆ ಜಾರುವುದಿಲ್ಲ. ನಿದ್ದೆಯನ್ನು ಕತ್ತರಿಯಿಂದ ನಾವೇ ಕೊಡಬೇಕು. ಮಳೆ ಕಡಿಮೆಯಾದ ಮೇಲೆ, ಅಕ್ಟೋಬರ್ ನಡುವಿನಿಂದ ನವೆಂಬರ್ ಮೊದಲ ವಾರದೊಳಗೆ ಸವರುತ್ತೇನೆ. ಒಣಗಿದ್ದು, ಬಡಕಲು ಕಡ್ಡಿ, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ತೆಗೆದು, ನಾಲ್ಕೈದು ಬಲವಾದ ಕೊಂಬೆಗಳನ್ನು ಉಳಿಸಿ, ಅವನ್ನು ಅರ್ಧಕ್ಕೆ ಇಳಿಸುವುದು. ಹೊರಮುಖವಾಗಿರುವ ಕಣ್ಣಿನ ಮೇಲೆ ಕಾಲು ಅಂಗುಲ ಬಿಟ್ಟು ಓರೆಯಾಗಿ ಕತ್ತರಿಸಿ. ಕಸಿ ಗಂಟಿನ ಕೆಳಗಿನಿಂದ ಬರುವ ಚಿಗುರು ಬೇರುಗಿಡದ್ದು, ಅಂದರೆ ಕಸಿಗೆ ಬುಡವಾಗಿ ಬಳಸಿದ ಬೇರೆ ಗುಲಾಬಿಯದು, ಅದನ್ನು ಬುಡದಿಂದಲೇ ಕಿತ್ತುಬಿಡಿ. ಬ್ಲೂ ಮೂನ್ ಇದ್ದಕ್ಕಿದ್ದಂತೆ ಗೊಂಚಲು ಬಿಳಿ ಹೂವು ಬಿಟ್ಟಿತು ಎಂದು ಅಚ್ಚರಿಪಡುವವರ ಮನೆಯಲ್ಲಿ ಆಗಿರುವುದು ಇದೇ.

ಸವರಿದ ವಾರದೊಳಗೆ ಗಿಡಕ್ಕೊಂದು ಬುಟ್ಟಿ ಹಳೆಯ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ, ಒಂದು ಹಿಡಿ ಎಲುಬಿನ ಪುಡಿ. ಹೂವು 45ರಿಂದ 55 ದಿನಕ್ಕೆ ಬರುತ್ತದೆ, ಚಳಿ ಜೋರಾದರೆ ಇನ್ನೂ ತಡ. ನೀರು ಬೆಳಿಗ್ಗೆ ಮಾತ್ರ, ಬುಡಕ್ಕೆ ಮಾತ್ರ. ಸಂಜೆ ಎಲೆ ನೆನೆಸಿದರೆ ರೋಗವನ್ನು ಕೈಯಾರೆ ಕರೆದಂತೆ. ಕುಂಡಗಳನ್ನು ಐದಾರು ಗಂಟೆ ಬಿಸಿಲು ಬೀಳುವ ಕಡೆಗೆ ಸರಿಸಿ. ಹೊದಿಕೆ, ಗೋಣಿಚೀಲ ಯಾವುದೂ ಬೇಡ.

ಚಳಿಯಲ್ಲಿ ಕೆಂಪು ಡಚ್ ಗುಲಾಬಿಯ ಎಸಳು ಕಪ್ಪಾಗುತ್ತದೆ, ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆ. ಏನು ಮಾಡುವುದು?

ಬಣ್ಣ ತುಂಬುವ ಚಳಿಯೇ ಮಿತಿ ಮೀರಿದಾಗ ಮಾಡುವ ಕೆಲಸ ಇದು. ರಾತ್ರಿ ತಂಪು ಹೆಚ್ಚಿ ಹಗಲು ಬಿಸಿಲು ಚುರುಕಾಗಿದ್ದರೆ ಹೊರ ಎಸಳುಗಳಲ್ಲಿ ವರ್ಣದ್ರವ್ಯ ಅತಿಯಾಗಿ ಸೇರಿ ಅಂಚು ಕಪ್ಪಗಾಗುತ್ತದೆ. ಅದೇ ಚಳಿಯಲ್ಲಿ ಕೆಲವು ಮೊಗ್ಗು ಎಸಳು ಹೆಚ್ಚಾಗಿ, ತುದಿ ಚಪ್ಪಟೆಯಾಗಿ, ಎಲೆಕೋಸಿನಂತೆ ಆಗುತ್ತದೆ. ಪಾಲಿಹೌಸ್ ಇರುವವರು ಸಂಜೆ ಬಿಸಿಲಿನ ಕಾವು ಒಳಗಿರುವಾಗಲೇ ಬದಿಯ ಪರದೆಗಳನ್ನು ಇಳಿಸಿ, ಬೆಳಿಗ್ಗೆ ಎಲೆಯ ತೇವ ಆರುವಂತೆ ಎತ್ತಬೇಕು. ಫೆಬ್ರುವರಿ 14ರ ಬೇಡಿಕೆಗೆಂದು ಡಿಸೆಂಬರ್ ಮೊದಲಾರ್ಧದಲ್ಲಿ ಕತ್ತರಿಸಿದ ಗಿಡಗಳಿಗೆ ಇದು ಬಹಳ ಮುಖ್ಯ. ಆ ಮೊಗ್ಗುಗಳು ರೂಪುಗೊಳ್ಳುವುದು ಸರಿಯಾಗಿ ಚಳಿಯ ನಡುವೆ.

ಕೊಯ್ದು ನಾಲ್ಕೈದು ದಿನವಾದ ಕೆಂಪು ಗುಲಾಬಿ ನೀಲಿ ಛಾಯೆಗೆ ತಿರುಗುವುದು ಬೇರೆ ವಿಷಯ. ಹೂವು ಮುಪ್ಪಾಗುವಾಗ ಎಸಳಿನ ರಸದ ಹುಳಿ ಕಡಿಮೆಯಾಗುತ್ತದೆ, ಕೆಂಪು ಬಣ್ಣ ನೇರಳೆನೀಲಿಗೆ ವಾಲುತ್ತದೆ. ವ್ಯಾಪಾರಿಗೆ ಅದು ಹಳೆಯ ಹೂವಿನ ಗುರುತು. ನನಗೆ ಮಾತ್ರ ಶಂಖಪುಷ್ಪದ ಲೋಟ ಹಿಮ್ಮುಖವಾಗಿ ನಡೆಯುತ್ತಿರುವಂತೆ ಕಾಣುತ್ತದೆ.

ಎಲೆಯ ಮೇಲೆ ಬಿಳಿ ಪುಡಿ ಚೆಲ್ಲಿದಂತಿದೆ.

ಬೂದಿ ರೋಗ. ಹಗಲು ಬೆಚ್ಚಗೆ, ರಾತ್ರಿ ತಂಪು ಮತ್ತು ತೇವ ಇರುವ ನಮ್ಮ ನವೆಂಬರ್–ಫೆಬ್ರುವರಿ ಅದಕ್ಕೆ ಹಬ್ಬ. ಎಳೆ ಚಿಗುರು ಮುದುಡಿಕೊಳ್ಳುವಾಗಲೇ ಗುರುತಿಸಿ. ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ ಬೆರೆಸಿ ಬೆಳಿಗ್ಗೆ ಸಿಂಪಡಿಸಿ, ಬಿಸಿಲು ಏರಿದ ಮೇಲೆ ಬೇಡ. ಬೇವಿನ ಎಣ್ಣೆ ಹೊಡೆದಿದ್ದರೆ ಎರಡು ವಾರ ಬಿಟ್ಟು ಗಂಧಕ ಹೊಡೆಯಿರಿ, ಇಲ್ಲದಿದ್ದರೆ ಎಲೆ ಸುಡುತ್ತದೆ. ಗಿಡಗಳ ನಡುವೆ ಗಾಳಿ ಆಡುವಂತೆ ಜಾಗ ಬಿಡುವುದು ಔಷಧಿಗಿಂತ ಮೇಲು.

ಎಲೆ ಹಳದಿ, ನರ ಮಾತ್ರ ಹಸಿರು. ಏಕೆ?

ಎಳೆಯ ಎಲೆಯಲ್ಲಿ ಹಾಗಾದರೆ ಕಬ್ಬಿಣದ ಕೊರತೆ. ನಮ್ಮ ಕೊಳವೆ ಬಾವಿಗಳ ಗಡಸು ನೀರು ಮಣ್ಣಿನ ಪಿಎಚ್ ಏರಿಸುತ್ತಾ ಹೋಗುತ್ತದೆ. ಕಬ್ಬಿಣ ಮಣ್ಣಿನಲ್ಲಿದ್ದರೂ ಬೇರಿಗೆ ಎಟಕುವುದಿಲ್ಲ. ಗುಲಾಬಿಗೆ 6ರಿಂದ 6.5 ಹಿತ. ಮಳೆ ನೀರು ಹಿಡಿದಿಟ್ಟು ಕುಂಡಗಳಿಗೆ ಬಳಸಿ, ಚಿಲೇಟೆಡ್ ಕಬ್ಬಿಣವನ್ನು ಪೊಟ್ಟಣದ ಅಳತೆಯಂತೆ ಎಲೆಗೆ ಕೊಡಿ.

ಮಗಳು ಕೆನಡಾದಲ್ಲಿದ್ದಾಳೆ. ಪ್ರತಿ ವರ್ಷ ಗುಲಾಬಿ ಚಳಿಗೆ ಸಾಯುತ್ತದೆ. ಅವಳಿಗೆ ಏನು ಹೇಳಲಿ?

ಮೊದಲು ತಳಿ ಬದಲಿಸಲು ಹೇಳಿ. ಹೂವಿನಂಗಡಿಯ ಗುಲಾಬಿಯಂಥ ನಾಜೂಕು ಜಾತಿಗಳು ಸೊನ್ನೆಗಿಂತ 20, 30 ಡಿಗ್ರಿ ಕೆಳಗಿನ ಚಳಿಗೆ ಹುಟ್ಟಿದವಲ್ಲ. ಅವಳಿರುವ ದೇಶದಲ್ಲಿಯೇ ಇದಕ್ಕೆ ಉತ್ತರ ಸಿದ್ಧವಾಗಿದೆ: ಒಟ್ಟಾವಾದ ಸರ್ಕಾರಿ ಕೃಷಿ ಕ್ಷೇತ್ರದಲ್ಲಿ 1961ರಲ್ಲಿ ಫೆಲಿಸಿಟಸ್ ಸ್ವೇಡಾ ಎಂಬ ವಿಜ್ಞಾನಿ ಚಳಿ ತಡೆಯುವ ಗುಲಾಬಿಗಳ ಕೆಲಸ ಕೈಗೆತ್ತಿಕೊಂಡರು. ಅಲ್ಲಿಂದ ಹೊರಬಂದ ಎಕ್ಸ್‌ಪ್ಲೋರರ್ ಸರಣಿಗೆ ನಾವಿಕರ, ಅನ್ವೇಷಕರ ಹೆಸರುಗಳಿವೆ: ಜಾನ್ ಕ್ಯಾಬಟ್, ವಿಲಿಯಂ ಬ್ಯಾಫಿನ್, ಹೆನ್ರಿ ಹಡ್ಸನ್. ಮ್ಯಾನಿಟೋಬಾದ ಮಾರ್ಡೆನ್‌ನಿಂದ ಪಾರ್ಕ್‌ಲ್ಯಾಂಡ್ ಸರಣಿ ಬಂತು. ಇವುಗಳ ಹಿಂದೆ ಪೂರ್ವ ಏಷ್ಯಾದ ಕಡಲ ತೀರದ ರೋಸಾ ರುಗೋಸಾದಂಥ ಗಟ್ಟಿ ಕಾಡುಗುಲಾಬಿಗಳ ರಕ್ತವಿದೆ. ನೇರಳೆಯೇ ಬೇಕೆಂದು ಹಟವಿದ್ದರೆ 1905ರ ಹಾನ್ಸಾ ನೆಡಲಿ; ಕೆಂಪು ಬೆರೆತ ನೇರಳೆ, ಲವಂಗದ ಪರಿಮಳ, ಚಳಿಗೆ ಜಗ್ಗದ ಗಿಡ.

ಎರಡನೆಯದು, ಸ್ವಂತ ಬೇರಿನ ಗಿಡ ಕೇಳಲಿ. ಕಸಿ ಗಿಡದಲ್ಲಿ ಗಂಟಿನ ಮೇಲ್ಭಾಗ ಸತ್ತರೆ ಉಳಿಯುವುದು ಬೇರುಗಿಡ ಮಾತ್ರ. ಕಸಿ ಗಿಡವೇ ಆದರೆ ನಾವಿಲ್ಲಿ ಮಾಡುವುದಕ್ಕೆ ತದ್ವಿರುದ್ಧ ಮಾಡಬೇಕು. ನಾವು ಗಂಟನ್ನು ಮಣ್ಣಿನ ಮೇಲೆ ಬಿಡುತ್ತೇವೆ, ಅವಳು 5ರಿಂದ 10 ಸೆಂಟಿಮೀಟರ್ ಮಣ್ಣಿನ ಕೆಳಗೆ ಹೂಳಬೇಕು.

ಆಗಸ್ಟ್ ಕಳೆದ ಮೇಲೆ ಸಾರಜನಕದ ಗೊಬ್ಬರ ಕೊಡಬಾರದು, ಎಳೆ ಚಿಗುರು ಮೊದಲ ಹಿಮಕ್ಕೇ ಸುಟ್ಟುಹೋಗುತ್ತದೆ. ಶರತ್ಕಾಲದಲ್ಲಿ ಸವರುವುದೂ ಬೇಡ. ನೆಲ ಹೆಪ್ಪುಗಟ್ಟುವ ಹೊತ್ತಿಗೆ ಬುಡದ ಸುತ್ತ ಒಂದಡಿಯಷ್ಟು ಮಣ್ಣು ಏರಿಸಿ, ಮೇಲೆ ಒಣ ಎಲೆ ಹೊದಿಸಲಿ. ನಾಜೂಕು ಗಿಡಗಳಿಗೆ ಅಮೆರಿಕದ ಮಿನ್ನೆಸೋಟದವರ ಉಪಾಯವಿದೆ: ಗಿಡದ ಪಕ್ಕ ಕಾಲುವೆ ತೋಡಿ, ಬೇರಿನ ಒಂದು ಬದಿ ಸಡಿಲಿಸಿ, ಇಡೀ ಗಿಡವನ್ನು ಕಾಲುವೆಯೊಳಗೆ ಮಲಗಿಸಿ ಮಣ್ಣು, ಎಲೆ ಮುಚ್ಚುವುದು, ವಸಂತದಲ್ಲಿ ಎಬ್ಬಿಸಿ ನಿಲ್ಲಿಸುವುದು. ಹಿಮ ಬಿದ್ದರೆ ಹೆದರಬಾರದು, ಅದೇ ಕಂಬಳಿ. ಗಿಡ ಸಾಯುವುದು ಹೆಚ್ಚಾಗಿ ನೆಲ ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟುವ ಹೊಯ್ದಾಟದಲ್ಲಿ.

ನಾನೇ ಹೊಸ ತಳಿ ಮಾಡಬಹುದೇ?

ಖಂಡಿತ. ನೀಲಿ ಬಾರದಿದ್ದರೂ ಇನ್ನೂ ಒಳ್ಳೆಯ ನೇರಳೆ ಬರಬಹುದು. ತಾಯಿ ಹೂವು ಅರಳುವ ಹಿಂದಿನ ದಿನ ಎಸಳುಗಳನ್ನು ಕಿತ್ತು, ಹಳದಿ ಕೇಸರಗಳನ್ನು ಚಿಮುಟದಿಂದ ತೆಗೆದು, ಕಾಗದದ ಚೀಲ ಕಟ್ಟಿ. ಮಾರನೆಯ ದಿನ ಹೂವಿನ ನಡುವಿನ ಶಲಾಕೆಯ ತುದಿ ಅಂಟಂಟಾಗಿ ಹೊಳೆಯುವಾಗ ಇನ್ನೊಂದು ಗಿಡದ ಪರಾಗವನ್ನು ಮೆತ್ತನೆಯ ಕುಂಚದಿಂದ ಹಚ್ಚಿ, ಚೀಟಿ ಕಟ್ಟಿ. ಮೂರು ನಾಲ್ಕು ತಿಂಗಳಿಗೆ ಕಾಯಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಬೀಜ ಬಿಡಿಸಿ ತೊಳೆದು, ತೇವದ ಮರಳಿನಲ್ಲಿಟ್ಟು, ಫ್ರಿಜ್‌ನ ಕೆಳಗಿನ ಅರೆಯಲ್ಲಿ ಸುಮಾರು 4 ಡಿಗ್ರಿಯಲ್ಲಿ ಆರರಿಂದ ಹನ್ನೆರಡು ವಾರ ಇಡಬೇಕು. ಬೀಜದ ಮಟ್ಟಿಗೆ ನಮ್ಮ ಮಾಗಿ ಸಾಲದು.

ನಾನು ಬ್ಲೂ ಮೂನ್ ಮೇಲೆ ಪ್ಯಾರಡೈಸ್ ಪರಾಗ ಹಾಕಿ ಮೂರು ವರ್ಷದಲ್ಲಿ ಮೂವತ್ತೊಂದು ಬೀಜ ಪಡೆದೆ. ಮೊಳೆತದ್ದು ಐದು, ಬದುಕಿದ್ದು ಎರಡು. ಒಂದು ಮಾಸಲು ಗುಲಾಬಿ ಬಣ್ಣ. ಇನ್ನೊಂದು ಒಂಟಿ ಸುತ್ತಿನ ಐದೇ ಎಸಳಿನ ನೇರಳೆ ಹೂವು. ಪ್ರದರ್ಶನಕ್ಕೆ ಹೋಗುವಂಥದ್ದಲ್ಲ, ಜೇನ್ನೊಣಗಳಿಗೆ ಮಾತ್ರ ಬಹಳ ಇಷ್ಟ.

ಕಪ್ಪು ಗುಲಾಬಿ, ಹಸಿರು ಗುಲಾಬಿ?

ಕಪ್ಪು ಎಂಬುದು ಕಡು ಕೆಂಪು, ಚಳಿಯಲ್ಲಿ ಇನ್ನೂ ಕಪ್ಪಗೆ ಕಾಣುತ್ತದೆ. ಹಸಿರು ನಿಜವಾಗಿಯೂ ಇದೆ: ಚೀನಾ ಗುಲಾಬಿಯ ಒಂದು ಹಳೆಯ ರೂಪದಲ್ಲಿ ಎಸಳಿನ ಜಾಗದಲ್ಲೂ ಪುಷ್ಪಪತ್ರಗಳೇ ಬೆಳೆಯುತ್ತವೆ.

ನಿಮ್ಮ ಗಿಡ ನೋಡಲು ಬರಬಹುದೇ? ಕಡ್ಡಿ ಕೊಡುತ್ತೀರಾ?

ಬನ್ನಿ. ಡಿಸೆಂಬರ್ ಕೊನೆಯ ವಾರದಿಂದ ಸಂಕ್ರಾಂತಿಯವರೆಗೆ, ಬೆಳಿಗ್ಗೆ ಏಳರೊಳಗೆ. ಬೆಟ್ಟದ ಮೇಲಿನ ಸೂರ್ಯೋದಯ ನೋಡಿಕೊಂಡು ಬರುತ್ತೇನೆಂದರೆ ತಡವಾಗುತ್ತದೆ. ಒಂಬತ್ತಕ್ಕೆ ಬಂದವರು ಬರಿಯ ನೇರಳೆಯನ್ನು ನೋಡಿ ಹೋಗಿದ್ದಾರೆ. ಬ್ಲೂ ಮೂನ್ ಕಡ್ಡಿ ಬೇರು ಬಿಡುವುದು ಕಡಿಮೆ, ಆದ್ದರಿಂದ ಕಣ್ಣು ಕಸಿ ಮಾಡಿದ ಸಸಿಯನ್ನೇ ಕೊಡುತ್ತೇನೆ. ವರ್ಷಕ್ಕೆ ಹತ್ತು ಹನ್ನೆರಡು ಆಗುತ್ತವೆ. ಬರುವಾಗ ಮನೆಯ ಕಡೆ ಶಂಖಪುಷ್ಪದ ಬೀಜ ಇದ್ದರೆ ಒಂದು ಹಿಡಿ ತನ್ನಿ, ನಮ್ಮ ಬೇಲಿಯ ಬಳ್ಳಿ ಈ ಸಲ ಒಣಗಿಹೋಗಿದೆ.